ಇಬ್ಬರನ್ನು ಕೊಟ್ಟು ರುದ್ರಣ್ಣನನ್ನು ತಂದೆವು

ಗೆಳೆಯರೇ, ಅರಸೀಕೆರೆಯ ನಮ್ಮ ವಾಲಿಬಾಲ್ ತಂಡದ ಮ್ಯಾನೇಜರ್, ಕೊಬ್ಬರಿ ವ್ಯಾಪಾರಿ ಬಸಣ್ಣನ ಜೊತೆ ಇಂದು ಬೆಳಿಗ್ಗೆ ನನಗೆ ಜಗಳವೇ ಆಯಿತು. ಬಲೆಗಿಂತ ಎತ್ತರ ನೆಗೆಯುವ ನಮ್ಮ ಇಬ್ಬರು ಹುಡುಗರನ್ನು ಹಳೇಬೀಡಿನ ತಂಡಕ್ಕೆ ಕೊಟ್ಟು, ಅವರ ಹಳೆಯ ಕ್ಯಾಪ್ಟನ್ ರುದ್ರಣ್ಣನನ್ನು ಕರೆತಂದಿದ್ದರು. ಒಂದು ಕಾಲದ ಸ್ಟಾರ್, ನಿಜ. ಈಗ ಎರಡೂ ಮೊಣಕಾಲಿಗೆ ಪಟ್ಟಿ.

"ಬಗ್ಗಿದ್ರೆ ಮೊಣಕಾಲು ಲಟಲಟ ಅಂತೈತೆ, ಕೇಳುಸ್ತೇನ್ರೀ ಬಸಣ್ಣ?" ಎಂದೆ.

"ಅಲ್ಲಾಡಿಸಿದಾಗ ಒಳಗೆ ಸದ್ದು ಬಂದ್ರೇನೇ ಕಣಯ್ಯಾ, ಕಾಯಿ ಕೊಬ್ಬರಿ ಆಗೈತೆ ಅಂತ ಅರ್ಥ."

ಸಂಜೆ ಪಂದ್ಯ, ಅದೇ ಹಳೇಬೀಡಿನವರ ಮೇಲೆ. ರುದ್ರಣ್ಣ ಒಮ್ಮೆಯೂ ನೆಗೆಯಲಿಲ್ಲ. ನಮ್ಮವರು ಹೊಡೆದ ಚೆಂಡು ಬಲೆ ದಾಟುತ್ತಿದ್ದಂತೆ "ಬಿಡ್ರಲಾ, ಔಟು!" ಎಂದು ಗದರಿದರು, ಅಷ್ಟೇ. ವರ್ಷಗಟ್ಟಲೆ ಅವರ ಮಾತು ಕೇಳಿಯೇ ಆಡಿದ್ದ ಹಳೇಬೀಡಿನವರು ಅಭ್ಯಾಸಬಲದಿಂದ ಕೈ ಹಿಂದಕ್ಕೆಳೆದುಕೊಂಡರು. ಚೆಂಡು ಗೆರೆಯೊಳಗೇ ಬಿತ್ತು. ಮತ್ತೆ ಗದರಿದರು, ಮತ್ತೆ ಬಿಟ್ಟರು. ರೆಫರಿಯೂ ನಕ್ಕುಬಿಟ್ಟರು. ಗೆದ್ದೆವು!

ಪಂದ್ಯ ಮುಗಿದ ಕೂಡಲೇ ಅವರ ಮ್ಯಾನೇಜರ್ ಓಡಿಬಂದರು. "ನಿಮ್ಮಿಬ್ರು ಹುಡುಗ್ರನ್ನ ವಾಪಸ್ ತಗೊಳ್ಳಿ, ನಮ್ಮ ರುದ್ರಣ್ಣನ್ನ ಕೊಟ್ಬಿಡಿ."

ಬಸಣ್ಣ ನನ್ನ ಮುಖ ನೋಡಿಕೊಂಡೇ ಅವರಿಗೆ ಹೇಳಿದರು: "ಎಳನೀರಿನ ರೇಟಿಗೆ ಕೊಬ್ಬರಿ ಕೇಳ್ತೀರಲ್ರೀ!"