ಬೆಳ್ಳಿ ಗಿಲಕಿಯ ಹಿಂದೆ ಹೋದ ಕಣ್ಣು

ಕಪಾಟಿನ ಹಳೆ ಬಟ್ಟೆಗಳ ನಡುವೆ ಮೊನ್ನೆ ಬೆಳ್ಳಿಯ ಗಿಲಕಿ ಸಿಕ್ಕಿತು. ಹಿಡಿಯ ಸಂದಿನಲ್ಲಿ ಇನ್ನೂ ಹಳೆ ತೆಂಗಿನೆಣ್ಣೆಯ ವಾಸನೆ. ಮೂಗಿಗೆ ಹಿಡಿದದ್ದೇ ತಡ, ಜೆಪ್ಪುವಿನ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಕಣ್ಣ ಮುಂದೆ ಕಾಲು ನೀಡಿ ಬಚ್ಚಲಲ್ಲಿ ಕೂತೇಬಿಟ್ಟರು...

ಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಿರಲಿಲ್ಲ. ತಾಯಿ ಇಲ್ಲದ ನನ್ನ ಬಾಣಂತನ ಮಾಡಿದವರು ಮಾತ್ರ ಅವರೇ. ದಿನಾ ಬೆಳಿಗ್ಗೆ ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಿ, ಕಾಲ ಮೇಲೆ ಮಲಗಿಸಿಕೊಂಡು, ಅವಳ ಕಿವಿಯ ಪಕ್ಕ ಈ ಗಿಲಕಿ ಆಡಿಸುತ್ತಿದ್ದರು. ಮಗುವಿನ ಕಣ್ಣು ಅತ್ತ ಹೊರಳುತ್ತಿತ್ತು. ಕುಕ್ಕರ್ ಕೂಗಿದರೂ ಬೆಚ್ಚದ ಮಗುವನ್ನು ಕಂಡು ನನಗೆ ಒಳಗೊಳಗೇ ಪುಕುಪುಕು. ಹೇಳಿದರೆ ಅವರು ನಗುತ್ತಿದ್ದರು.

"ಎಂತ ಮಾರಾಯ್ತಿ ನಿಂದು? ಕಣ್ಣು ಹೋಯ್ತಲ್ಲ, ನೋಡು. ಕಿವಿ ಸರಿ ಉಂಟು."

ನಂಬಿದೆ. ಅವರನ್ನಲ್ಲದೆ ಇನ್ನಾರನ್ನು ನಂಬಲಿ...

ಓರಗೆಯ ಮಕ್ಕಳು ಮಾತು ಜೋಡಿಸುವಾಗಲೂ ಮಗಳು ಅಮ್ಮಾ ಅನ್ನಲಿಲ್ಲ. ಆಸ್ಪತ್ರೆಗೆ ಹೋದೆ. ಡಾಕ್ಟರು ಅವಳ ಬೆನ್ನ ಹಿಂದೆ ನಿಂತು ಒಂದು ಗಿಲಕಿ ಅಲ್ಲಾಡಿಸಿದರು. ಅವಳ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಅದೇ ಗಿಲಕಿ ಕಣ್ಣಂಚಿಗೆ ಬಂದದ್ದೇ ಸರಕ್ಕನೆ ಅದರ ಹಿಂದೆ ಹೋಯಿತು. "ಕಂಡು ತಿರುಗ್ತಾಳೆ, ಕೇಳಿ ಅಲ್ಲ" ಎಂದರು. ಇಷ್ಟು ತಡ ಯಾಕೆ ಮಾಡಿದಿರಿ ಎಂದೂ ಕೇಳಿದರು.

ಅಳುತ್ತಾ ದೊಡ್ಡಮ್ಮನ ಮನೆಗೇ ಓಡಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ನನಗೆ ಗೊತ್ತಿತ್ತು ಮಗಾ. ಹಿಂದಿನಿಂದ ಆಡಿಸಿ ನೋಡಿದ್ದೆ. ಬಾಣಂತಿಗೆ ಅಂಥದ್ದೆಲ್ಲ ಹೇಳ್ಲಿಕ್ಕುಂಟಾ? ಹಾಲು ನಿಂತುಹೋಗ್ತದೆ."

"ಬಾಣಂತನ ಮುಗಿದ ಮೇಲೆ?"

"ಮತ್ತೆ... ಹೇಗೆ ಹೇಳುವುದು ಅಂತ ಗೊತ್ತಾಗ್ಲಿಲ್ಲ."

ಗೊತ್ತಿದ್ದೂ, ಬೇಕೆಂದೇ, ಮಗುವಿನ ಕಣ್ಣಿಗೆ ಬೀಳುವಂತೆ ಹಿಡಿದು ಆಡಿಸಿದ್ದರು. ಆಗದವರು ಯಾರಾದರೂ ಮಾಡಿದ್ದರೆ ಮರೆಯುತ್ತಿದ್ದೆನೋ ಏನೋ. ಎರಡು ಮನೆಗಳ ನಡುವಿನ ಸಣ್ಣ ಗೇಟಿಗೆ ಅಂದೇ ಬೀಗ ಹಾಕಿದೆ. ಅವರು ತೀರಿಕೊಂಡಾಗ ಹೋದೆ, ಅಂಗಳದಲ್ಲೇ ನಿಂತು ಬಂದೆ. ಸಿಟ್ಟು ಇಂದಿಗೂ ಇಳಿದಿಲ್ಲ. ಆ ಎಣ್ಣೆಯ ವಾಸನೆಗೆ ಅವರನ್ನು ನೆನೆಯುವುದೂ ನಿಂತಿಲ್ಲ.

ಮೊನ್ನೆ ಕಾಲೇಜಿಗೆ ಹೊರಟಿದ್ದ ಮಗಳು ನನ್ನ ಕೈಯಲ್ಲಿದ್ದ ಗಿಲಕಿ ಕಂಡು, ಯಾರದ್ದು ಎಂದು ಕೈಸನ್ನೆಯಲ್ಲಿ ಕೇಳಿದಳು. ಉತ್ತರಿಸುವ ಮೊದಲೇ ನನ್ನ ಕಣ್ಣು ಆ ಗೇಟಿನತ್ತ ಹೋಗಿಬಿಟ್ಟಿತು. ಅವಳಿಗೆ ಅಷ್ಟೇ ಸಾಕು, ಅವಳೂ ಅತ್ತ ನೋಡಿದಳು. ಬೀಗ ತುಕ್ಕು ಹಿಡಿದಿತ್ತು.

ನಿನ್ನನ್ನು ಮೀಯಿಸಿದ ಅಜ್ಜಿಯದ್ದು ಎಂದು ಸನ್ನೆಯಲ್ಲೇ ಹೇಳಿದೆ. ಒಳ್ಳೆಯವರಾ ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಉಳಿದದ್ದನ್ನು ನಾನೂ ಹೇಳಲಿಲ್ಲ.