ಶಾಂತವ್ವನ ಮಗಳು ಹಿಮದ ಮೇಲೆ ಓಡಿದ ದಿನ

ದೆವ್ವ, ಮೈಮೇಲೆ ಬರುವುದು, ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಅಂಥ ಕತೆ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನೀವೂ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದೆ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸದಲ್ಲಿದ್ದೆ. ಪಕ್ಕದ ಮೆಷಿನ್ನಿನಲ್ಲಿ ಬಾಗಲಕೋಟೆ ಕಡೆಯ ಶಾಂತವ್ವ ಕಾಲರ್ ಹೊಲಿಯುತ್ತಿದ್ದಳು. ಅವಳ ಮಗಳು ರೇಣುಕಾ ಗಡಿ ಕಾಯುವ ಪಡೆ ಸೇರಿ, ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕೋಲು ಊರುತ್ತ ಹಿಮದ ಮೇಲೆ ಓಡುವ ಸ್ಕೀಯಿಂಗ್ ಕಲಿತು, ಹೊರದೇಶದ ದೊಡ್ಡ ಕ್ರೀಡಾಕೂಟಕ್ಕೆ ಹೋಗಿದ್ದಳು. ಹೆಣ್ಣಿಗೇಕೆ ಓಟ, ಮದುವೆ ಮಾಡು ಎಂದ ನೆಂಟರನ್ನೆಲ್ಲ ಶಾಂತವ್ವ ಒಬ್ಬಳೇ ಎದುರಿಸಿದ್ದಳು. ಮಗಳು ಓಟ ಮುಗಿಸದೆ ಬಂದರೆ ಆ ಬಾಯಿಗಳು ಮತ್ತೆ ತೆರೆಯುತ್ತಿದ್ದವು.

ಊಟದ ಬಿಡುವಿನಲ್ಲಿ ನಾವೆಲ್ಲ ಒಂದೇ ಮೊಬೈಲಿಗೆ ಮುತ್ತಿಕೊಂಡೆವು. ಸುತ್ತು ಹಾಕುವ ಓಟ. ಮುಂದೆ ರೇಣುಕಾ, ಹಿಂದೆಯೇ ಒಬ್ಬ ಎತ್ತರದ ಹುಡುಗಿ.

"ನಮ್ ರೇಣು ಫಸ್ಟು ಕಣ್ರೇ!" ಲೈನಿಗೆ ಲೈನೇ ಚಪ್ಪಾಳೆ ಹೊಡೆಯಿತು.

ಶಾಂತವ್ವನ ಮುಖ ಬಿಳಿಚಿಕೊಂಡಿತು. "ಫಸ್ಟ್ ಅಲ್ಲ ಬೇ. ಹಿಂದಿನಾಕಿ ಒಂದ್ ಸುತ್ತು ಜಾಸ್ತಿ ಓಡ್ಯಾಳ. ಏರು ಹತ್ತಿ ಆ ಗೆರಿ ಮುಟ್ಟಿದ್ರ ಆಕಿ ಓಟ ಮುಗೀತು. ಅಷ್ಟ್ರಾಗ ನಮ್ಮಾಕಿನ್ನ ದಾಟಿದ್ಲಂದ್ರ, ರೇಣೂನ ಓಟದಿಂದ ತಗದಬಿಡ್ತಾರ."

ಅಷ್ಟರಲ್ಲಿ ಬೆಲ್ ಆಯಿತು. ಸೂಪರ್‌ವೈಸರ್ ಬಂದು, "ಏನ್ರಮ್ಮಾ, ಟಾರ್ಗೆಟ್ ಯಾರ್ ಕೊಡ್ತಾರೆ? ಫೋನ್ ಒಳಗಿಡಿ" ಎಂದ.

"ಅವಳು ಗೆರೆ ದಾಟೋವರೆಗೂ ಇಡಲ್ಲ ಸಾರ್. ಏನ್ ಮಾಡ್ಕೊತೀರೋ ಮಾಡ್ಕೊಳಿ" ಎಂದೆ. ಒಬ್ಬಳೂ ಮೆಷಿನ್ ಮುಟ್ಟಲಿಲ್ಲ.

ಶಾಂತವ್ವ ಗಟ್ಟಿಯಾಗಿ ಕಣ್ಣು ಮುಚ್ಚಿ ನನ್ನ ಬಲಗೈ ಹಿಡಿದುಕೊಂಡಳು. ಅವಳ ಕೈ ತಣ್ಣಗಾಗುತ್ತಾ ಹೋಯಿತು, ಸುಡುವಷ್ಟು ತಣ್ಣಗೆ. ಬಿಡಿಸಿಕೊಳ್ಳಲು ಆಗಲಿಲ್ಲ. "ಎಡಗೈ ಬಿಡವ್ವಾ, ಬಲಗೈ ಊರು, ಬಲಗೈ ಊರು" ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. ಮೊಬೈಲ್ ನೋಡಿದೆ. ರೇಣುಕಾಳ ಎಡಗೈಯ ಕೋಲು ಮುರಿದುಹೋಗಿತ್ತು. ಬಲಗೈಯ ಕೋಲೊಂದನ್ನೇ ಊರಿ ಅವಳು ಏರು ಹತ್ತುತ್ತಿದ್ದಳು. ನನ್ನ ಭುಜ ಕಿತ್ತುಬರುವ ಹಾಗೆ ಎಳೆತ. ಹಿಂದಿನವಳಿಗಿಂತ ಕೂದಲೆಳೆಯಷ್ಟು ಮೊದಲು ರೇಣುಕಾ ಗೆರೆ ದಾಟಿದಳು. ಆಮೇಲೆ ಉಳಿದ ಸುತ್ತು ಮುಗಿಸಿ ಎಲ್ಲರಿಗಿಂತ ಕೊನೆಯವಳಾಗಿ ಬಂದಳು. ನಾವು ಕುಣಿದಾಡಿದೆವು.

ನನಗೆ ಮೆಮೊ ಬಂತು. ಮಡಚಿ ಊಟದ ಡಬ್ಬಿಯ ಕೆಳಗೆ ಹಾಸಿದೆ. ಅಂಗೈಯಲ್ಲಿ ಬಿಳಿ ಬರೆ ಎದ್ದಿತ್ತು. "ಐಸ್ ಹಿಡ್ಕೊಂಡಿದ್ರಾ?" ಎಂದು ಫ್ಯಾಕ್ಟರಿಯ ನರ್ಸ್ ಕೇಳಿದಳು. ಹೊರಗೆ ಸುಡುಬಿಸಿಲು. ಶಾಂತವ್ವನನ್ನು ಕೇಳಿದರೆ ತಾನು ಏನೂ ಹೇಳಲೇ ಇಲ್ಲ ಎಂದಳು. ನಾನೂ ಆ ಮಾತು ಅಲ್ಲಿಗೇ ಬಿಟ್ಟೆ.

ರಜೆಗೆ ಬಂದ ರೇಣುಕಾ ಒಂದು ಸಂಜೆ ಅಮ್ಮನನ್ನು ಕರೆದೊಯ್ಯಲು ಗೇಟಿನ ಹತ್ತಿರ ನಿಂತಿದ್ದಳು. ನನ್ನನ್ನು ಅವಳು ಅದುವರೆಗೆ ನೋಡಿರಲಿಲ್ಲ. ಅಷ್ಟು ಹೆಂಗಸರ ನಡುವೆ ನೇರವಾಗಿ ನನ್ನ ಹತ್ತಿರ ಬಂದು ಬಲಗೈ ಹಿಡಿದಳು.

"ಏರಿನ್ಯಾಗ ನನ್ನ ಎಳದಿದ್ದು ಇದ ಕೈ ಅಲ್ಲೇನ್ರಿ ಅಕ್ಕಾ?"

ಹೌದು ಎಂದೆ. ಇವತ್ತಿಗೂ ಯಾರು ಕೇಳಿದರೂ ಹೌದು ಎಂದೇ ಹೇಳುತ್ತೇನೆ. ಹೇಗೆ ಎಂದು ಮಾತ್ರ ಕೇಳಬೇಡಿ, ನನಗೆ ಗೊತ್ತಿಲ್ಲ.