ಗದಿಗೆವ್ವ ಕಟ್ಟಿದ ಚೀಲ

ಮೇಡ್ಲೇರಿಯ ಗದಿಗೆವ್ವ ರಾಣೇಬೆನ್ನೂರಿನ ಖಾಸಗಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಹದಿನಾಲ್ಕು ವರ್ಷದಿಂದ ಆಯಾ. ಒಂದೊಂದು ಆಪರೇಷನ್ನಿಗೂ ಅಲ್ಲಿ ಎಷ್ಟು ಪ್ಲಾಸ್ಟಿಕ್ ಗುಡ್ಡೆ ಬೀಳುತ್ತದೆಂಬುದು ಅವಳಷ್ಟು ಯಾರಿಗೂ ಗೊತ್ತಿರಲಿಲ್ಲ. ಸಿರಿಂಜಿನ ಹೊದಿಕೆ, ಕೈಗವಸಿನ ಪೊಟ್ಟಣ, ಸಲಾಯಿನ್ ಬಾಟಲಿಯ ಮೇಲಿನ ಕವರು. ಅರ್ಧಕ್ಕರ್ಧ ರೋಗಿಯ ಮೈ ಮುಟ್ಟಿಯೇ ಇರುತ್ತಿರಲಿಲ್ಲ. ಆದರೂ ರಕ್ತ ಹತ್ತಿದ ಬಟ್ಟೆಯ ಜೊತೆ ಹಳದಿ ಚೀಲ ಸೇರಿ ಸುಡಲು ಹೋಗುತ್ತಿತ್ತು.

ಹೊಸ ನರ್ಸ್ ಶ್ವೇತಾ ಬಂದ ಮೇಲೆ ಒಂದು ಪದ್ಧತಿ ಶುರುವಾಯಿತು. ರೋಗಿ ಒಳಗೆ ಬರುವ ಮೊದಲು ಬಿಚ್ಚಿದ ಸ್ವಚ್ಛ ಪ್ಲಾಸ್ಟಿಕ್ ಬೇರೆ ಚೀಲಕ್ಕೆ. ರೋಗಿ ಬಂದೊಡನೆ ಅದರ ಬಾಯಿ ಕಟ್ಟಿ ಹೊರಗಿಡಬೇಕು. ಬಾಬಾಜಾನನ ಗುಜರಿಯವರು ವಾರಕ್ಕೆರಡು ಸಲ ಬಂದು ಒಯ್ಯುತ್ತಿದ್ದರು. ಅದು ಕರಗಿ ಬಕೀಟು, ಕೊಡ ಆಗುತ್ತದೆಂದು ಕೇಳಿ ಗದಿಗೆವ್ವ ಆ ಕೆಲಸವನ್ನು ತನ್ನದೇ ಮಾಡಿಕೊಂಡಳು. ಡಾಕ್ಟರರಿಗೂ ಇಲ್ಲಿ ಒಗೆಯಿರಿ ಎಂದು ಬೊಟ್ಟು ಮಾಡಿ ತೋರಿಸುತ್ತಿದ್ದಳು. ಅವರು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ವಿಪರೀತ ರಕ್ತ ಹೋಗುತ್ತಿದ್ದ ಬಸುರಿಯೊಬ್ಬಳನ್ನು ಬ್ಯಾಡಗಿಯಿಂದ ತಂದರು. ಎಲ್ಲರೂ ಓಡಾಡುವವರೇ. ತಾಯಿ, ಕೂಸು ಉಳಿದವು. ಎಲ್ಲ ಮುಗಿದಾಗ ಗದಿಗೆವ್ವ ನೋಡುತ್ತಾಳೆ, ಸ್ವಚ್ಛ ಪ್ಲಾಸ್ಟಿಕ್ಕಿನ ಚೀಲ ಮೂಲೆಯಲ್ಲಿ ಬಾಯಿ ತೆರೆದುಕೊಂಡೇ ಇದೆ. ಒಳಗೆ ನೋಡಬೇಕು ಎನಿಸಿತು. ಅಷ್ಟರಲ್ಲಿ ಮುಂದಿನ ರೋಗಿಯ ಟ್ರಾಲಿ ಬಾಗಿಲಿಗೆ ಬಂದಿತ್ತು. ಕಟ್ಟಿ ಹೊರಗಿಟ್ಟಳು.

ಎರಡು ದಿನ ಬಿಟ್ಟು ಬಾಬಾಜಾನ ತಾನೇ ಬಂದ. ಅವನ ಗುಜರಿಯಲ್ಲಿ ಪ್ಲಾಸ್ಟಿಕ್ ಆರಿಸುವ ಮಂಗಳವ್ವನ ಬೆರಳಿಗೆ ಆಸ್ಪತ್ರೆಯ ಚೀಲದೊಳಗಿನ ಸೂಜಿ ಚುಚ್ಚಿತ್ತು. ಚೀಲಗಳೆಲ್ಲ ಒಂದರಲ್ಲೊಂದು ಬೆರೆತಿದ್ದರಿಂದ ಯಾವ ರೋಗಿಯ ಸೂಜಿ ಎಂದು ಹೇಳುವಂತಿರಲಿಲ್ಲ. ಶ್ವೇತಾ ಅವಳನ್ನು ಅಂದೇ ಹಾವೇರಿಯ ದೊಡ್ಡಾಸ್ಪತ್ರೆಗೆ ಕಳಿಸಿದಳು. ಎಚ್‌ಐವಿ ತಗುಲದಂತೆ ಇಪ್ಪತ್ತೆಂಟು ದಿನ ಗುಳಿಗೆ, ಮೂರು ತಿಂಗಳವರೆಗೆ ಆಗಾಗ ರಕ್ತಪರೀಕ್ಷೆ ಎಂದರು ಅಲ್ಲಿ.

ಮ್ಯಾನೇಜರು ಎಲ್ಲರನ್ನೂ ಕೂಡಿಸಿ ಕೇಳಿದರು. ಗೊತ್ತಿಲ್ಲ ಎಂದರು ಎಲ್ಲರೂ. ಗದಿಗೆವ್ವನೂ ತಾನು ಕಟ್ಟಿದ ಚೀಲದ ಮಾತು ಎತ್ತಲಿಲ್ಲ. ಪದ್ಧತಿ ತಂದವಳೆಂದು ತಪ್ಪು ಶ್ವೇತಾಳ ತಲೆಗೆ ಬಂತು. ಬೇರೆ ಚೀಲ ಬಂದ್ ಆಯಿತು. ಮರುದಿನ ಗದಿಗೆವ್ವ ಬಂದವಳೇ ಶ್ವೇತಾಳ ಮುಂದೆ ನಿಂತಳು.

"ಸಿಸ್ಟರ್, ಸೂಜಿ ಯಾರು ಒಗದ್ರೋ ನನಗ ಗೊತ್ತಿಲ್ರಿ. ಆದ್ರ ಒಳಗ ನೋಡದ ಚೀಲ ಕಟ್ಟಿದಾಕಿ ನಾನು."

ಮ್ಯಾನೇಜರಿಗೂ ಅದನ್ನೇ ಹೇಳಿದಳು. ಸಂಜೆ ಮಂಗಳವ್ವನ ಮನೆ ಹುಡುಕಿಕೊಂಡು ಹೋದಳು. ಬೈಯುತ್ತಾಳೆಂದು ಗಟ್ಟಿ ಮನಸ್ಸು ಮಾಡಿಯೇ ಹೋಗಿದ್ದಳು. ಗುಳಿಗೆಯ ಓಕರಿಕೆಯಿಂದ ಬಸವಳಿದಿದ್ದ ಮಂಗಳವ್ವ ಬೈಯಲಿಲ್ಲ.

"ಮೊಮ್ಮಗಳನ್ನ ಎತ್ತಿಕೊಳ್ಳಾಕೂ ಅಂಜಿಕಿ ಆಗತೈತಿ, ಅಕ್ಕಾ," ಎಂದಳು.

ಎತ್ತಿಕೊಂಡರೆ ಏನೂ ಆಗದೆಂದು ಗದಿಗೆವ್ವ ಎಷ್ಟೋ ಹೇಳಿದಳು. ನಂಬಿಸಲು ಆಗಲಿಲ್ಲ. ಪ್ರತಿ ಪರೀಕ್ಷೆಗೂ ರಜೆ ಹಾಕಿ ಅವಳ ಜೊತೆ ಹಾವೇರಿಗೆ ಹೋದಳು. ಚೀಟಿ ಕೈಗೆ ಬರುವವರೆಗೆ ಇಬ್ಬರೂ ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ಮೂರು ತಿಂಗಳ ಮೇಲೆ ಡಾಕ್ಟರು ಏನೂ ಇಲ್ಲ, ಆರಾಮಿದ್ದೀರಿ ಎಂದಾಗ ಮಂಗಳವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಕೆ ಗುಜರಿಗೆ ಮತ್ತೆ ಹೋಗಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ ಹಿಡಿದಳು. ಆಸ್ಪತ್ರೆಯಲ್ಲಿ ಶ್ವೇತಾಳ ಹಟಕ್ಕೆ ಬೇರೆ ಚೀಲ ಪುನಃ ಬಂತು, ಆದರೆ ರೋಗಿ ಹೊಸ್ತಿಲು ದಾಟುವ ಮೊದಲೇ ಅದು ಹೊರಗಿರಬೇಕು. ಗದಿಗೆವ್ವ ಈಗಲೂ ಕಟ್ಟುತ್ತಾಳೆ. ಸ್ವಲ್ಪ ಅನುಮಾನ ಬಂದರೂ ಇಡೀ ಚೀಲವನ್ನೇ ಹಳದಿಗೆ ಹಾಕಿಬಿಡುತ್ತಾಳೆ. ಇಷ್ಟೊಂದು ಸುಟ್ಟುಹೋದರೆ ಏನು ಉಪಯೋಗ ಎಂದು ಶ್ವೇತಾ ಒಮ್ಮೆ ಕೇಳಿದಳು. ಗದಿಗೆವ್ವ ಕೈಯಲ್ಲಿದ್ದ ಚೀಲದ ಬಾಯಿ ಮತ್ತೆ ಬಿಚ್ಚಿ ಒಳಗೆ ನೋಡತೊಡಗಿದಳು.